ಅಲರ್ಜಿಯ ಬಾಗಿಲು ಬಾಯಿಯೋ, ಚರ್ಮವೋ?

ಎಂಟು ತಿಂಗಳ ಮಗು. ಎರಡೂ ಕೆನ್ನೆಗಳು ಕೆಂಪಾಗಿ ಒರಟಾಗಿವೆ. ಕೈಕಾಲುಗಳ ಮೇಲೆ ಚರ್ಮ ಒಡೆದು ಅಲ್ಲಲ್ಲಿ ನೀರು ಒಸರುತ್ತಿದೆ. ರಾತ್ರಿಯೆಲ್ಲ ನವೆ, ಅಳು. ಮನೆಯ ಹಿರಿಯರು ಇದು 'ನಂಜು' ಎಂದು ತೀರ್ಮಾನಿಸಿ ಎದೆಹಾಲೂಡುವ ತಾಯಿಗೆ ಪಥ್ಯ ವಿಧಿಸಿದ್ದಾರೆ. ಬದನೆಕಾಯಿ ಬೇಡ, ಮೊಟ್ಟೆ ಬೇಡ, ಮೀನು ಬೇಡ, ಕಡಲೆಕಾಯಿ ಬೇಡ. ಕೊನೆಗೆ ಹಾಲು, ಮೊಸರೂ ಬೇಡ. ಮಗುವಿಗೆ ರಾಗಿ ಸರಿಯೊಂದೇ ಗತಿ. ಎರಡು ತಿಂಗಳ ಪಥ್ಯದ ನಂತರ ತಾಯಿ ಸೊರಗಿದ್ದಾಳೆ, ಮಗುವಿನ ತೂಕ ಏರಿಲ್ಲ. ಕೆನ್ನೆಯ ಮೇಲಿನ ಇಸುಬು ಮಾತ್ರ ಹೇಗಿತ್ತೋ ಹಾಗೇ ಇದೆ!

ಇಂಥ ತಾಯಿ-ಮಗುವನ್ನು ನೀವೂ ನಿಮ್ಮ ಬಂಧುಬಳಗದಲ್ಲಿ ಕಂಡಿರಬಹುದು. 'ತಿಂದದ್ದು ಚರ್ಮದ ಮೇಲೆ ಎದ್ದಿತು' ಎಂಬುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ನಂಬಿಕೆ. ವೈದ್ಯರೂ ಬಹುಕಾಲ ಹಾಗೆಯೇ ಯೋಚಿಸುತ್ತಿದ್ದರು. ಆದರೆ ಕಳೆದ ಎರಡು ದಶಕಗಳ ಸಂಶೋಧನೆ ಈ ನಂಬಿಕೆಯನ್ನು ತಲೆಕೆಳಗು ಮಾಡಿದೆ. ಎಷ್ಟೋ ಮಕ್ಕಳಲ್ಲಿ ಮೊದಲು ಕೆಡುವುದು ಚರ್ಮ. ಆಹಾರದ ಅಲರ್ಜಿ ಆ ಕೆಟ್ಟ ಚರ್ಮದ ಮೂಲಕ ಆಮೇಲೆ ಒಳಬರುತ್ತದೆ. ಇದನ್ನು ಅರಿತರೆ ಮಗುವಿನ ಆರೈಕೆಯ ರೀತಿಯೇ ಬದಲಾಗುತ್ತದೆ.

ಅಲರ್ಜಿ ಎಂದರೇನು?

ನಮ್ಮ ದೇಹದಲ್ಲಿ ರೋಗಾಣುಗಳೊಡನೆ ಹೋರಾಡಲು ಒಂದು ರಕ್ಷಣಾ ವ್ಯವಸ್ಥೆಯಿದೆ. ಅದು ಕೆಲವೊಮ್ಮೆ ನಿರಪಾಯಕಾರಿಯಾದ ಪದಾರ್ಥವನ್ನೂ ಶತ್ರುವೆಂದು ತಪ್ಪು ತಿಳಿದು ಅದರ ಮೇಲೆ ಎರಗುತ್ತದೆ. ಇದೇ ಅಲರ್ಜಿ. ಈ ಹೆಸರನ್ನು 1906ರಲ್ಲಿ ಬಳಕೆಗೆ ತಂದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ.

ಈ ತಪ್ಪು ತಿಳಿವಳಿಕೆಯ ಗುಟ್ಟು ರಕ್ತದಲ್ಲಿದೆ ಎಂಬುದನ್ನು 1921ರಲ್ಲಿ ಇಬ್ಬರು ವೈದ್ಯರು ತಮ್ಮ ಮೈಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. ಹೈನ್ಸ್ ಕ್ಯೂಸ್ಟ್ನರ್ ಅವರಿಗೆ ಮೀನು ಒಗ್ಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಕಾರ್ಲ್ ಪ್ರಾಸ್ನಿಟ್ಸ್ ಅವರಿಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ. ಕ್ಯೂಸ್ಟ್ನರ್ ಅವರ ರಕ್ತದ ತಿಳಿದ್ರವವನ್ನು ಪ್ರಾಸ್ನಿಟ್ಸ್ ತಮ್ಮ ಹೊಟ್ಟೆಯ ಚರ್ಮದೊಳಕ್ಕೆ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಗಂಧೆ ಎದ್ದಿತು! ರಕ್ತದಲ್ಲಿರುವ ಆ 'ಏನೋ ಒಂದು' ಯಾವುದೆಂಬುದು 1966ರಲ್ಲಿ ತಿಳಿಯಿತು. ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕ ಅದನ್ನು ಗುರುತಿಸಿದರು. ಅದೇ ಐಜಿಇ ಎಂಬ ಪ್ರತಿಕಾಯ.

ಅಲರ್ಜಿ ಇರುವವರ ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಈ ಐಜಿಇ ಅಂಟಿಕೊಂಡು ಕಾದು ಕುಳಿತಿರುತ್ತದೆ. ಒಗ್ಗದ ಆಹಾರ ಬಂದೊಡನೆ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ, ತುಟಿಯ ಊತ, ವಾಂತಿ, ಉಬ್ಬಸ ಕಾಣಿಸಿಕೊಳ್ಳುತ್ತವೆ. ಐಜಿಇಯಿಂದಾಗುವ ಆಹಾರದ ಅಲರ್ಜಿಯ ಲಕ್ಷಣ ಇದು.

ಮಗುವಿನ ಕೆನ್ನೆಯ ಮೇಲೆ ವಾರಗಟ್ಟಲೆ ಇರುವ ಒರಟು ಇಸುಬು ಬೇರೆ ಬಗೆಯದು. ಅದರ ಮೂಲ ಬಹುಮಟ್ಟಿಗೆ ಚರ್ಮದಲ್ಲೇ ಇದೆ.

ಚರ್ಮವೆಂಬ ಕೋಟೆ

ಚರ್ಮದ ಹೊರಪದರವನ್ನು ಒಂದು ಇಟ್ಟಿಗೆ ಗೋಡೆಗೆ ಹೋಲಿಸಬಹುದು. ಜೀವಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಜಿಡ್ಡಿನ ಅಂಶವೇ ಗಾರೆ. ಈ ಗೋಡೆ ಗಟ್ಟಿಯಾಗಿದ್ದರೆ ಒಳಗಿನ ತೇವ ಆರುವುದಿಲ್ಲ, ಹೊರಗಿನ ಧೂಳು, ಕ್ರಿಮಿ ಒಳನುಗ್ಗುವುದಿಲ್ಲ. ಈ ಗೋಡೆಯ ಭದ್ರತೆಗೆ ಫಿಲಾಗ್ರಿನ್ ಎಂಬ ಪ್ರೋಟೀನು ಬಹಳ ಮುಖ್ಯ. ಅದನ್ನು ತಯಾರಿಸುವ ಜೀನಿನಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಇಸುಬು ಇರುವ ಎಲ್ಲರಲ್ಲೂ ಈ ದೋಷ ಇರುವುದಿಲ್ಲ ನಿಜ. ಆದರೆ ಈ ಶೋಧದಿಂದ ಒಂದು ವಿಷಯ ಸ್ಪಷ್ಟವಾಯಿತು. ಇಸುಬು ಹೊಟ್ಟೆಯ ಕಾಯಿಲೆಯಾಗಿರದೆ, ಗೋಡೆಯ ಬಿರುಕಿನಿಂದಲೇ ಶುರುವಾಗಬಹುದು.

ಕನ್ನ ಹಾಕಿ ಬಂದ ಆಹಾರ

ಹಾಗಾದರೆ ಈ ಬಿರುಕಿಗೂ ಆಹಾರದ ಅಲರ್ಜಿಗೂ ಏನು ಸಂಬಂಧ? ಲಂಡನ್ನಿನ ಮಕ್ಕಳ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2003ರಲ್ಲಿ ಒಂದು ಕುತೂಹಲಕಾರಿ ಅಂಶವನ್ನು ಹೊರಗೆಡವಿದರು. ಇಂಗ್ಲೆಂಡಿನ ಸುಮಾರು 14,000 ಮಕ್ಕಳ ವಿವರಗಳನ್ನು ಪರಿಶೀಲಿಸಿದಾಗ, ಕಡಲೆಕಾಯಿಯ ಅಲರ್ಜಿ ಬಂದಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಎಳವೆಯಲ್ಲಿ ಕಡಲೆಕಾಯಿ ಎಣ್ಣೆಯ ಅಂಶವಿದ್ದ ಕ್ರೀಮುಗಳನ್ನು ಮೈಗೆ ಹಚ್ಚಿದ್ದು ಕಂಡುಬಂತು. ತಾಯಿ ಬಸುರಿಯಾಗಿದ್ದಾಗ ಕಡಲೆಕಾಯಿ ತಿಂದಿದ್ದಕ್ಕೂ ಮಗುವಿನ ಅಲರ್ಜಿಗೂ ಸಂಬಂಧ ಕಾಣಲಿಲ್ಲ!

ಇದಕ್ಕಿಂತ ಸೋಜಿಗದ ಪ್ರಸಂಗ ಜಪಾನಿನದು. ಅಲ್ಲಿ ಮುಖ ತೊಳೆಯುವ ಒಂದು ಸಾಬೂನಿನಲ್ಲಿ ಸಂಸ್ಕರಿಸಿದ ಗೋಧಿಯ ಪ್ರೋಟೀನನ್ನು ಬೆರೆಸಿದ್ದರು. ಹುಟ್ಟಿದಾಗಿನಿಂದ ಗೋಧಿಯ ತಿನಿಸು ತಿಂದು ಆರೋಗ್ಯವಾಗಿದ್ದ ವಯಸ್ಕರು, ಈ ಸಾಬೂನು ಬಳಸಿದ ಮೇಲೆ ಬ್ರೆಡ್ ತಿಂದರೆ ಮುಖ ಊದಿಸಿಕೊಳ್ಳತೊಡಗಿದರು. ಕೆಲವರಿಗೆ ಪ್ರಾಣಾಪಾಯವೂ ಒದಗಿತು. 2011ರಲ್ಲಿ ಸಾಬೂನನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ತೊಂದರೆಗೆ ಒಳಗಾದವರ ಸಂಖ್ಯೆ ಎರಡು ಸಾವಿರವನ್ನು ದಾಟಿತ್ತು. ಬಾಯಿಯ ಮೂಲಕ ಬಂದಾಗ ಒಗ್ಗಿದ್ದ ಗೋಧಿ ಮುಖದ ಚರ್ಮದ ಮೂಲಕ ಬಂದು ಶತ್ರುವಾಯಿತು!

ಅಮೆರಿಕದಲ್ಲಿ ಒಂದು ಜಾತಿಯ ಉಣ್ಣೆ ಕಚ್ಚಿದ ಮೇಲೆ ದನ, ಹಂದಿ, ಕುರಿಯ ಮಾಂಸ ಒಗ್ಗದೆ ಹೋಗುವವರಿದ್ದಾರೆ. ಅಲ್ಲೂ ಅಲರ್ಜಿ ಒಳಹೊಕ್ಕಿದ್ದು ಚರ್ಮದ ಮೂಲಕವೇ.

ಇದರ ಮರ್ಮವನ್ನು ಹೀಗೆ ತಿಳಿಯಬಹುದು. ಹಗಲಿನಲ್ಲಿ ಮುಂಬಾಗಿಲಿನಿಂದ ಬಂದವನನ್ನು ನಾವು ಅತಿಥಿ ಎನ್ನುತ್ತೇವೆ. ಅದೇ ವ್ಯಕ್ತಿ ರಾತ್ರಿ ಗೋಡೆಗೆ ಕನ್ನ ಹಾಕಿ ಒಳಬಂದರೆ ಕಳ್ಳನೆಂದು ಕೂಗುತ್ತೇವೆ. ದೇಹವೂ ಹಾಗೆಯೇ. ಕರುಳಿನಲ್ಲಿರುವ ರಕ್ಷಣಾ ಕೋಶಗಳಿಗೆ ಆಹಾರವನ್ನು ಸಹಿಸಿಕೊಳ್ಳುವ ಅಭ್ಯಾಸವಿದೆ. ಬಿರುಕುಬಿಟ್ಟು ಉರಿಯುತ್ತಿರುವ ಚರ್ಮದ ಕೋಶಗಳಾದರೋ ಸದಾ ಯುದ್ಧಕ್ಕೆ ಸನ್ನದ್ಧ. ಅಡಿಗೆಮನೆಯ ಧೂಳಿನಲ್ಲೋ, ಎತ್ತಿಕೊಂಡವರ ಕೈಯಲ್ಲೋ ಇರುವ ಆಹಾರದ ಕಣ ಅಲ್ಲಿ ಹೊಕ್ಕರೆ ಅದನ್ನು ಶತ್ರುಗಳ ಪಟ್ಟಿಗೆ ಸೇರಿಸಿಬಿಡುತ್ತವೆ.

ಮುಂಬಾಗಿಲಿನಿಂದ ಬಂದ ಆಹಾರ

ಹಾಗಾದರೆ ಅದೇ ಆಹಾರವನ್ನು ಸಕಾಲದಲ್ಲಿ ಬಾಯಿಯ ಮೂಲಕ ಪರಿಚಯಿಸಿದರೆ? ಸಂಶೋಧಕರಿಗೂ ಇದೇ ಪ್ರಶ್ನೆ ಬಂತು.

2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವು, ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೂ ಕಡಲೆಕಾಯಿ ಕೊಡಬಾರದೆಂದು ಸಲಹೆ ನೀಡಿತ್ತು. ಆದರೂ ಅಲರ್ಜಿ ಇಳಿಯಲಿಲ್ಲ. ಈ ತಡೆಗೆ ಆಧಾರ ಸಾಲದೆಂದು 2008ರಲ್ಲಿ ಸಲಹೆಯನ್ನು ಕೈಬಿಡಲಾಯಿತು. ಅದೇ ವರ್ಷ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಬ್ರಿಟನ್ನಿನ ಯಹೂದಿ ಮಕ್ಕಳನ್ನು ಇಸ್ರೇಲಿನ ಯಹೂದಿ ಮಕ್ಕಳೊಂದಿಗೆ ಹೋಲಿಸಿದಾಗ ಕಡಲೆಕಾಯಿಯ ಅಲರ್ಜಿ ಬ್ರಿಟನ್ನಿನವರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಇಬ್ಬರದೂ ಒಂದೇ ಮೂಲ. ವ್ಯತ್ಯಾಸವೆಂದರೆ, ಇಸ್ರೇಲಿನ ಶಿಶುಗಳು ವರ್ಷ ತುಂಬುವ ಮೊದಲೇ ಕಡಲೆಕಾಯಿಯ ತಿನಿಸು ಚೀಪುತ್ತಿದ್ದವು. ಬ್ರಿಟನ್ನಿನ ಹೆಚ್ಚಿನ ಶಿಶುಗಳಿಗೆ ಅದನ್ನು ಕೊಡುತ್ತಿರಲಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಲ್ಯಾಕ್ ಅವರ ತಂಡ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಶಿಶುಗಳನ್ನು ಆರಿಸಿಕೊಂಡಿತು. ಅರ್ಧದಷ್ಟು ಮಕ್ಕಳಿಗೆ ನಿಯಮಿತವಾಗಿ ಕಡಲೆಕಾಯಿಯ ತಿನಿಸು. ಉಳಿದವರಿಗೆ ಐದು ವರ್ಷ ತುಂಬುವವರೆಗೂ ಪೂರ್ಣ ವರ್ಜ್ಯ. 2015ರಲ್ಲಿ ಫಲಿತಾಂಶ ಬಂತು. ಮೊದಲ ಚರ್ಮ ಪರೀಕ್ಷೆಯಲ್ಲಿ ಅಲರ್ಜಿಯ ಸೂಚನೆ ಇಲ್ಲದಿದ್ದ ಮಕ್ಕಳ ಪೈಕಿ, ವರ್ಜಿಸಿದವರಲ್ಲಿ ನೂರಕ್ಕೆ 13.7 ಮಂದಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ನೂರಕ್ಕೆ 1.9 ಮಾತ್ರ! ಈ ಮಕ್ಕಳು ಹದಿಹರೆಯ ಮುಟ್ಟಿದ ಮೇಲೂ ರಕ್ಷಣೆ ಉಳಿದಿದೆ ಎಂದು 2024ರಲ್ಲಿ ತಿಳಿದುಬಂತು.

ಹಾಗೆಂದು ಚರ್ಮಕ್ಕೆ ಏನಾದರೊಂದು ಲೇಪಿಸಿದರೆ ಸಾಕು ಎಂದುಕೊಳ್ಳಬೇಡಿ. ಹುಟ್ಟಿದ ಶಿಶುಗಳಿಗೆಲ್ಲ ದಿನವೂ ಲೇಪನ ಹಚ್ಚಿದರೆ ಇಸುಬು ಬರುವುದೇ ಇಲ್ಲವೇ ಎಂದು ಬ್ರಿಟನ್ನಿನಲ್ಲಿ ಸುಮಾರು 1,400 ಶಿಶುಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಪ್ರಯೋಜನ ಕಾಣಲಿಲ್ಲ. ಆದರೆ ಇಸುಬು ಬಂದ ಮೇಲೆ ಅದನ್ನು ಬೇಗನೆ, ಚೆನ್ನಾಗಿ ಗುಣಪಡಿಸುವುದರಿಂದ ಲಾಭವಿದೆ. 2023ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ಹೀಗೆ ಬಿಗಿಯಾದ ಚಿಕಿತ್ಸೆ ಪಡೆದ ಶಿಶುಗಳಲ್ಲಿ ಮೊಟ್ಟೆಯ ಅಲರ್ಜಿ ನೂರಕ್ಕೆ 31.4 ಇದ್ದರೆ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 41.9 ಇತ್ತು. ಸ್ಟಿರಾಯ್ಡ್ ಮುಲಾಮು ಹೆಚ್ಚು ಬಳಸಿದ್ದರಿಂದ ಮೊದಲ ಗುಂಪಿನ ಶಿಶುಗಳ ಬೆಳವಣಿಗೆ ತುಸು ಕುಂಠಿತವಾದದ್ದೂ ಕಂಡಿತು. ಚಿಕಿತ್ಸೆ ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು ಎನ್ನುವುದು ಇದಕ್ಕೇ.

ನಮ್ಮವರ ಮಾತೇನು?

ಮೇಲೆ ಹೇಳಿದ್ದೆಲ್ಲ ಹೊರದೇಶಗಳ ಮಾತಾಯಿತು. ನಮ್ಮಲ್ಲೂ ಅಧ್ಯಯನಗಳು ನಡೆದಿವೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಎಲ್ಲರೂ ತಿಳಿಯಬೇಕಾದ ಅಂಶವನ್ನು ಹೇಳುತ್ತದೆ. ರಕ್ತ ಪರೀಕ್ಷೆಯಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ ಕಂಡುಬಂದವರು ನೂರಕ್ಕೆ 26.5. ಆದರೆ ಆಹಾರದ ಅಲರ್ಜಿ ನಿಜವಾಗಿ ಇರುವ ಸಂಭವವಿದ್ದವರು ನೂರಕ್ಕೆ 1.2 ಮಾತ್ರ! ಉಳಿದವರೆಲ್ಲ ಆ ಆಹಾರವನ್ನು ಯಾವ ತೊಂದರೆಯೂ ಇಲ್ಲದೆ ತಿನ್ನಬಲ್ಲವರು.

ನಮ್ಮ ಬದನೆಕಾಯಿಯ ಕತೆಯೂ ಇದೇ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ವೈದ್ಯರೊಡಗೂಡಿ 741 ಜನರನ್ನು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಬದನೆಕಾಯಿಗೆ ಚರ್ಮ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ತೋರಿದವರು ನೂರಕ್ಕೆ ಸುಮಾರು ಒಂಬತ್ತು ಮಂದಿ. ಐಜಿಇಯಿಂದಾಗುವ ಅಲರ್ಜಿ ಇದ್ದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಬದನೆಕಾಯಿ ತಿಂದರೆ ಕೆಲವರಿಗೆ ಬಾಯಿ, ಮೈ ನವೆಯಾಗುವುದು ಸುಳ್ಳಲ್ಲ. ಆದರೆ ಮನೆಮಂದಿಯೆಲ್ಲ ಅದನ್ನು ದೂರವಿಡಲು ಇದು ಕಾರಣವಾಗಲಾರದು.

ಆದ್ದರಿಂದ ಹತ್ತಾರು ಆಹಾರಗಳಿಗೆ ಒಟ್ಟಿಗೇ ರಕ್ತ ಪರೀಕ್ಷೆ ಮಾಡಿಸಿ, 'ಪಾಸಿಟಿವ್' ಎಂದು ಬಂದುದನ್ನೆಲ್ಲ ಬಿಟ್ಟುಬಿಡುವುದು ಸರಿಯಲ್ಲ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆಯಂತೂ ಅಲರ್ಜಿಯನ್ನು ಗುರುತಿಸಲು ಉಪಯೋಗಕ್ಕೆ ಬಾರದು. ತಿಂದ ಆಹಾರ, ತೊಂದರೆ ಕಂಡ ಸಮಯ, ಮತ್ತೆ ತಿಂದಾಗ ಆದದ್ದೇನು ಎಂಬ ವಿವರವೇ ರೋಗನಿರ್ಣಯದ ಮೊದಲ ಮೆಟ್ಟಿಲು. ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ, ವೈದ್ಯರ ಎದುರಿನಲ್ಲಿ, ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವುದೇ ಕೊನೆಯ ಪರೀಕ್ಷೆ.

ಪಥ್ಯವೂ ಅಪಾಯ ತರಬಹುದು

'ಬಿಟ್ಟರೆ ನಷ್ಟವೇನು?' ಎಂದು ನೀವು ಕೇಳಬಹುದು. ಮೊದಲನೆಯದಾಗಿ, ಬೆಳೆಯುವ ಮಗುವಿಗೂ ಹಾಲೂಡುವ ತಾಯಿಗೂ ಪ್ರೋಟೀನು, ಕಬ್ಬಿಣ, ಸುಣ್ಣದ ಅಂಶ ಬೇಕೇ ಬೇಕು. ಎರಡನೆಯದು ಹೆಚ್ಚು ಗಂಭೀರ. ಇಸುಬು ಇರುವ ಮಗು ಒಂದು ಆಹಾರವನ್ನು ತಿಂದು ಅರಗಿಸಿಕೊಳ್ಳುತ್ತಿದೆ ಎಂದುಕೊಳ್ಳಿ. ಅದನ್ನು ತಿಂಗಳುಗಟ್ಟಲೆ ನಿಲ್ಲಿಸಿ ಮತ್ತೆ ಕೊಟ್ಟಾಗ ಕೆಲವು ಮಕ್ಕಳಿಗೆ ಹಿಂದೆಂದೂ ಇಲ್ಲದ ತೀವ್ರ ಅಲರ್ಜಿ ಆಗಿರುವುದು ವರದಿಯಾಗಿದೆ. ಮುಂಬಾಗಿಲು ಮುಚ್ಚಿ, ಗೋಡೆಯ ಬಿರುಕನ್ನು ಹಾಗೆಯೇ ಬಿಟ್ಟರೆ ಆಗುವುದೇ ಇದು.

ತೀವ್ರ ಇಸುಬು ಇರುವ ಕೆಲವು ಮಕ್ಕಳಿಗೆ ಹಾಲು, ಮೊಟ್ಟೆಗಳ ಅಲರ್ಜಿಯೂ ಜೊತೆಗಿರುವುದುಂಟು. ಅಂಥವರಿಗೆ ಪಥ್ಯ ಅಗತ್ಯ. ಆದರೆ ಯಾವುದನ್ನು ಬಿಡಬೇಕು, ಎಷ್ಟು ಕಾಲ ಬಿಡಬೇಕು, ಅದರ ಬದಲಿಗೆ ಏನು ಕೊಡಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಮನೆಯಲ್ಲಿ ಏನು ಮಾಡಬೇಕು?

* ಇಸುಬು ಇರುವ ಮಗುವಿಗೆ ಹಂಡೆಯ ಕುದಿನೀರು, ಬಿರುಸಾಗಿ ತಿಕ್ಕುವುದು ಬೇಡ. ಉಗುರು ಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷದ ಸ್ನಾನ ಸಾಕು.

* ಮೈಯನ್ನು ಮೃದುವಾಗಿ ಒತ್ತಿ ಒರೆಸಿ, ತೇವ ಆರುವ ಮೊದಲೇ ಸುವಾಸನೆಯಿಲ್ಲದ ತೇವಕಾರಕ ಮುಲಾಮು ಹಚ್ಚಿ. ದಿನಕ್ಕೆ ಎರಡು ಮೂರು ಬಾರಿ ಹಚ್ಚಿದರೂ ಸರಿ. ಹಚ್ಚುವ ಮುನ್ನ ಕೈ ತೊಳೆಯಲು ಮರೆಯಬೇಡಿ.

* ಒಡೆದ ಚರ್ಮಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ, ಕಡಲೆಕಾಯಿ ಎಣ್ಣೆ, ಬಾದಾಮಿ ಎಣ್ಣೆ ಮೊದಲಾದ ಆಹಾರಪದಾರ್ಥ ತಿಕ್ಕದಿರುವುದು ಜಾಣತನ. ಅವು ತಟ್ಟೆಯಲ್ಲಿರಲಿ, ಗಾಯದ ಮೇಲೆ ಬೇಡ. ಸಾಸಿವೆ ಎಣ್ಣೆಯೂ ಎಳೆಯ ಚರ್ಮಕ್ಕೆ ಹಿತವಲ್ಲ.

* ಕೆಂಪಾಗಿ ಉರಿಯುವ ಇಸುಬಿಗೆ ವೈದ್ಯರು ಬರೆದುಕೊಟ್ಟ ಸ್ಟಿರಾಯ್ಡ್ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿ. ಹೆದರಿ ಅರ್ಧಕ್ಕೇ ನಿಲ್ಲಿಸುವುದೂ ತಪ್ಪು, ಔಷಧದಂಗಡಿಯಿಂದ ಸ್ವತಃ ಕೊಂಡು ತಿಂಗಳುಗಟ್ಟಲೆ ಹಚ್ಚುವುದೂ ತಪ್ಪು.

* ಮಗುವಿನ ಉಗುರು ಕತ್ತರಿಸಿ. ತೆಳುವಾದ ಹತ್ತಿ ಬಟ್ಟೆ ತೊಡಿಸಿ.

* ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆಮೇಲೆ ರಾಗಿ ಸರಿ, ಅನ್ನ-ಬೇಳೆಗಳ ಜೊತೆಗೆ ಮೊಸರು, ಚೆನ್ನಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದು ತೆಳ್ಳಗೆ ಮಾಡಿದ ಕಡಲೆಕಾಯಿ ಇವುಗಳನ್ನು ಒಂದೊಂದಾಗಿ ಪರಿಚಯಿಸಿ. ಹೊಸ ಆಹಾರವನ್ನು ಬೆಳಗಿನ ಹೊತ್ತು ಕಾಲು ಚಮಚದಷ್ಟು ಕೊಟ್ಟು ನೋಡಿ. ಒಗ್ಗಿದರೆ ವಾರಕ್ಕೆ ಎರಡು ಮೂರು ಸಲ ಮುಂದುವರಿಸಿ. ಇಡೀ ಕಡಲೆಕಾಯಿ ಬೀಜವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬೇಡಿ. ಅದು ಉಸಿರುನಾಳದಲ್ಲಿ ಸಿಕ್ಕಿಕೊಳ್ಳಬಹುದು.

* ಮಗುವಿಗೆ ತೀವ್ರ ಇಸುಬು ಇದ್ದರೆ, ಅಥವಾ ಯಾವುದಾದರೂ ಆಹಾರದಿಂದ ಹಿಂದೆ ಗಂಧೆ, ಊತ ಆಗಿದ್ದರೆ, ಮೊಟ್ಟೆ ಮತ್ತು ಕಡಲೆಕಾಯಿ ಆರಂಭಿಸುವ ಮುನ್ನ ಮಕ್ಕಳ ವೈದ್ಯರನ್ನು ಕಾಣಲೇಬೇಕು.

* ಮಗುವಿಗೆ ಮುಂದೆ ಅಲರ್ಜಿ ಬಾರದಿರಲೆಂದು ಬಸುರಿ, ಬಾಣಂತಿಯರು ಪಥ್ಯ ಮಾಡುವುದರಿಂದ ಪ್ರಯೋಜನವಿಲ್ಲ.

ತಕ್ಷಣ ಆಸ್ಪತ್ರೆಗೆ ಯಾವಾಗ?

ಏನನ್ನಾದರೂ ತಿಂದ ಮೇಲೆ ಮೈತುಂಬ ಗಂಧೆ ಎದ್ದು, ಜೊತೆಗೆ ಉಸಿರಾಟಕ್ಕೆ ಕಷ್ಟವಾದರೆ, ಧ್ವನಿ ಒಡೆದರೆ, ನಾಲಿಗೆ ಊದಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಗು ಬಿಳಿಚಿಕೊಂಡು ಜೋಲುಬಿದ್ದರೆ ಒಂದು ನಿಮಿಷವನ್ನೂ ಕಳೆಯಬೇಡಿ. ಮೈಮೇಲೆ ಗಂಧೆ ಇಲ್ಲದಿದ್ದರೂ ಉಸಿರಾಟದ ತೊಂದರೆಯನ್ನು ಕಡೆಗಣಿಸಬೇಡಿ. ಇದು ಅನಫೈಲಾಕ್ಸಿಸ್ ಎಂಬ ಮಾರಕ ಸ್ಥಿತಿ. ಇದಕ್ಕೆ ಮೊದಲ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ ನುಂಗಿಸಿ ಕಾಯುವುದು ಸಲ್ಲದು. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಧಾವಿಸಿ. ಸಾಗಿಸುವಾಗ ರೋಗಿಯನ್ನು ಮಲಗಿಸಿಯೇ ಇರಿ. ಉಸಿರಾಟಕ್ಕೆ ಕಷ್ಟವಿದ್ದರೆ ಮಾತ್ರ ಒರಗಿಸಿ ಕೂರಿಸಬಹುದು.

ಈಗ ಆ ಎಂಟು ತಿಂಗಳ ಮಗುವಿನತ್ತ ಮತ್ತೆ ನೋಡೋಣ. ಆ ಮನೆಯವರಿಗೆ ಹೇಳಬೇಕಾದ ಮಾತು ಇಷ್ಟೇ. ಮೊದಲು ಚರ್ಮಕ್ಕೆ ಸರಿಯಾದ ಚಿಕಿತ್ಸೆಯಾಗಲಿ. ತಾಯಿ ಮೊದಲಿನಂತೆ ಹೊಟ್ಟೆತುಂಬ ಉಣ್ಣಲಿ. ಮಗುವಿಗೆ ತಪ್ಪಿಸಿರುವ ಆಹಾರಗಳನ್ನು ಮತ್ತೆ ಹೇಗೆ, ಯಾವ ಕ್ರಮದಲ್ಲಿ ಆರಂಭಿಸಬೇಕೆಂಬುದನ್ನು ವೈದ್ಯರೊಡನೆ ಕುಳಿತು ನಿರ್ಧರಿಸಲಿ. ಮೊಮ್ಮಗುವಿನ ಮೇಲಿನ ಅಕ್ಕರೆಯಿಂದಲೇ ಅಜ್ಜಿ ಪಥ್ಯ ವಿಧಿಸಿದ್ದು. ಆ ಅಕ್ಕರೆಯನ್ನು ದಿನಕ್ಕೆರಡು ಬಾರಿ ಮಗುವಿನ ಮೈಗೆ ಮುಲಾಮು ಹಚ್ಚುವುದಕ್ಕೆ ತಿರುಗಿಸಿದರೆ ಮಗುವಿಗೂ ನಿದ್ದೆ, ಮನೆಗೂ ನೆಮ್ಮದಿ.